ಪ್ರಸ್ತುತ

ಹ್ಯಾಮಿಲ್ಟನ್ನಿನ ಬಾರ್ಟನ್ ಬೀದಿಯಲ್ಲಿ
ಬಾಗಿಲು ಹಾಕಿದ ಷೂ ಅಂಗಡಿಯ ಮೇಲೆ
ನಮ್ಮ ಕಾನೂನು ನೆರವಿನ ಎರಡು ಕೋಣೆ.
ನನ್ನ ಕೆಲಸ ಪುಟಗಳಿಗೆ ನಂಬರು ಹಾಕುವುದು.
ಆರಂಕಿಯ ಮುದ್ರೆ. ಒತ್ತಿದರೆ ಟಕ್,
ತಾನೇ ಒಂದು ಮುಂದೆ ಸರಿಯುತ್ತದೆ.

ಮೊದಲ ಪುಟ: ಹೆಸರಿಲ್ಲದವನೊಬ್ಬ,
ಮುಖದ ಜಾಗದಲ್ಲಿ ತೋಳದ ಚಿತ್ರ.
ಪಿರೋಷ್ಕಾ ಕೊಲೊಂಪಾರಳ ರೋಮಾ ಜನವನ್ನು
ಏನೆಂದು ಕರೆದಿದ್ದಾನೆ, ಇಲ್ಲಿ ಬರೆಯಲಾರೆ.
ಓದದೆಯೂ ನಂಬರು ಹಾಕಬಹುದು, ಆದರೆ
ಪಟ್ಟಿಯಲ್ಲಿ ಒಂದು ಸಾಲಿನ ವಿವರ ಕೊಡಬೇಕು.
‘ಪೋಸ್ಟ್, ಮಾರ್ಚ್ ಒಂಬತ್ತು, ರಾತ್ರಿ ಎರಡೂ ನಲವತ್ತು.’
ಇಷ್ಟೇ ವಿವರ.
ನಾಲ್ಕುನೂರ ಹನ್ನೊಂದು ಸಲ ಇಷ್ಟೇ.

ವಿಚಾರಣೆ ಇನ್ನೂ ಬಂದಿಲ್ಲ. ಜೂನ್ ಅಂದರು, ಆಮೇಲೆ ನವೆಂಬರ್.
ಈಗಿನದು ಅದಕ್ಕೂ ಮುಂಚಿನ ಜಗಳ:
ಯಾರು ಯಾರಿಗೆ ಏನು ತೋರಿಸಬೇಕು.
ಗುರುವಾರ ಹತ್ತಕ್ಕೆ ಎಲ್ಲರೂ ಫೋನಿನಲ್ಲಿ ಕೂಡುತ್ತಾರೆ.
ಆ ಕಡೆಯ ವಕೀಲ ಥಾರ್ನ್‌ಬರಿ, ಒಳ್ಳೆಯ ದನಿ,
ಮೊದಲು ಎಲ್ಲರ ಕ್ಷೇಮ ವಿಚಾರಿಸಿ ಆಮೇಲೆ ಕೇಳುತ್ತಾನೆ:
ದೂರುದಾರಳ ಫೋನು ಕೊಡಿ, ಇಡಿಯಾಗಿ.
ಆಪ್ತಸಲಹೆಗಾರ್ತಿಯ ಟಿಪ್ಪಣಿ ಕೊಡಿ.
ಮಿಶ್ಕೋಲ್ಟ್ಸ್‌ನಿಂದ ಅವಳಕ್ಕ ಬರೆದ ಪತ್ರ ಕೊಡಿ.
ನೋವು ನಮ್ಮಿಂದ ಬಂದಿತೋ
ಮೊದಲೇ ಮನೆಯಲ್ಲಿತ್ತೋ ನೋಡಬೇಕು.

ಮತ್ತೆ ನಿಮ್ಮ ಸರ್ವರಿನ ದಾಖಲೆ?
ಅದು ಬರೆದವರ ಖಾಸಗಿತನ.
ತೋಳದ ಹಿಂದಿನ ಹೆಸರು?
ಗೊತ್ತಿಲ್ಲ. ಗೊತ್ತಿದ್ದರೂ ಪ್ರಸ್ತುತವಲ್ಲ.

ಕುಂಬಳಕಾಯಿ ಕಳ್ಳ ಅಂದರೆ
ಹೆಗಲು ಮುಟ್ಟಿ ನೋಡಿಕೊಂಡನಂತೆ.
ಇಲ್ಲಿ ಕಳ್ಳನ ಹೆಗಲಿಗೆ ಕೋಟು, ಕೋಟಿಗೆ ಗುಂಡಿ.
ಕಾಯಿ ಕಳಕೊಂಡವಳಿಗೆ ಹೇಳುತ್ತಿದ್ದಾರೆ,
ಎಲ್ಲಮ್ಮ, ನಿನ್ನ ಹೆಗಲು ನೋಡೋಣ.

ಪ್ರಸ್ತುತ ಅಂದರೆ ಸಂಬಂಧಪಟ್ಟದ್ದು.
ಪ್ರಸ್ತುತ ಅಂದರೆ ಈ ಹೊತ್ತು.
ಈ ಹೊತ್ತೂ ಅದು ಅಲ್ಲೇ ಇದೆ,
ಬೆಳಿಗ್ಗೆ ಬರುವಾಗ ಬಸ್ಸಿನಲ್ಲಿ ನೋಡಿದೆ,
ಕೆಳಗೆ ಇನ್ನೂ ಆರು ಜನ ನಕ್ಕಿದ್ದಾರೆ.

ಮಂಗಳವಾರ ಪಿರೋಷ್ಕಾ ಬಂದಳು, ಬಿಸ್ಕತ್ತಿನ ಡಬ್ಬಿ ಹಿಡಿದು.
ಒಳ್ಳೆಯವರೇ ಅವಳನ್ನು ಕೇಳುವುದುಂಟು, ಪಿಟೀಲು ಬಾರಿಸ್ತೀರಾ?
ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಮಡಿಸುವವಳು.
ಡಬ್ಬಿಯ ಪತ್ರಗಳೂ ಹಾಗೇ, ಅಂಚಿಗೆ ಅಂಚು ಕೂಡಿಸಿ ಮಡಿಸಿದ್ದಳು.
ಹಂಗೇರಿಯನ್ನಿನಲ್ಲಿ ಓದಿ, ನಿಲ್ಲಿಸಿ, ನನಗೆ ಅರ್ಥ ಹೇಳಿದಳು:
ಹೆಂಚಿನ ಬೆಲೆ ಏರಿದೆ.
ಚಿಕ್ಕವನಿಗೆ ಮುಂದಿನ ಹಲ್ಲು ಬಂತು.
ಪ್ಲಮ್ಮಿನ ಜಾಮು ತಳ ಹಿಡಿಯಿತು, ಆದರೂ ತಿಂದೆವು.
ಆಮೇಲೆ ಒಂದು ಸಾಲು ಬಿಟ್ಟು ಓದಿದಳು.
ನಾನು ಸುಮ್ಮನಿದ್ದೆ. ಅವಳೇ ಹಿಂದೆ ಹೋದಳು:
‘ಅಲ್ಲಿ ಯಾರಿಗೂ ನಾವು ಯಾರೆಂದು ಗುರುತು ಹತ್ತುವುದಿಲ್ಲವಂತೆ, ನಿಜವೇ?’

ಈ ಸಾಲಿಗೆ ಮಸಿ ಬಳಿಯಬಹುದಾ, ಕೇಳಿದಳು.
ಮಸಿ ಬಳಿಯಬಹುದಾದದ್ದು ವಕೀಲರಿಗೆ ಹೇಳಿದ ಮಾತಿಗೆ,
ಅಕ್ಕ ವಕೀಲಳಲ್ಲ.
ನಾನು ಇದನ್ನು ಹೇಳಿದ್ದು ಅವಳ ಮುಖ ನೋಡಿ ಅಲ್ಲ,
ಡಬ್ಬಿಯ ಮುಚ್ಚಳ ನೋಡಿ.

ಆಜ್ಞೆ ಬಂತು, ನಾಲ್ಕು ಪುಟ, ಸಮತೂಕದ ಮಾತು.
ಅವಳು ಎರಡು ವರ್ಷದ ಪತ್ರ ಕೊಡತಕ್ಕದ್ದು.
ಅವರು ಸರ್ವರಿನ ದಾಖಲೆ ಕೊಡತಕ್ಕದ್ದು,
ಇದ್ದಲ್ಲಿ.
ಥಾರ್ನ್‌ಬರಿ ವಿಷಾದದಿಂದ ಬರೆದ:
ಆ ದಾಖಲೆ ನೂರು ದಿನಕ್ಕೆ ತಾನೇ ಅಳಿಯುವಂಥದ್ದು.
ಬೆರಳು ಮಡಿಸಿ ಎಣಿಸಿದೆ.
ನಮ್ಮ ಜಗಳಕ್ಕೆ ಹಿಡಿದದ್ದು ನೂರಾ ಆರು.

ಈಗ ಅಕ್ಕನ ಪತ್ರ ನನ್ನ ಮೇಜಿನ ಮೇಲೆ.
ನಂಬರು ಬೀಳಬೇಕಾದ್ದು ಬಲಗಡೆ, ಕೆಳಮೂಲೆಗೆ.
ಅವಳೋ ಕಾಗದ ಉಳಿಸುವ ಹೆಂಗಸು,
ಅಂಚಿನವರೆಗೂ ಬರೆದಿದ್ದಾಳೆ, ತಿರುಗಿಸಿ ಪಕ್ಕದಲ್ಲೂ ಬರೆದಿದ್ದಾಳೆ,
ಉಗುರಿನಷ್ಟು ಜಾಗವಿಲ್ಲ.
ಎಲ್ಲಿ ಒತ್ತಿದರೂ ಯಾವುದಾದರೊಂದು ಮಾತಿನ ಮೇಲೇ.

ಟಕ್.
ಸೊನ್ನೆ ಸೊನ್ನೆ ಸೊನ್ನೆ ನಾಲ್ಕು ಒಂದು ಎರಡು.
ಅಡಿಯಲ್ಲಿ ಇನ್ನೂ ಕಾಣುತ್ತದೆ,
ಕಣ್ಣು ಕಿರಿದು ಮಾಡಿದರೆ:
ನಿಜವೇ?