ಹಿಂದೆ ಬಿಳಿ ಇರಬೇಕು

ರಾಯದುರ್ಗ ಬಿಟ್ಟಾಗ ಇನ್ನೂ ಬೆಳ್ಳಿ ಮೂಡಿರಲಿಲ್ಲ.
ಹೊನ್ನೂರ್ ವಲಿ ಅವನಣ್ಣನ ಓಮ್ನಿ ತಂದಿದ್ದ.
ಹಿಂದಿನ ಸೀಟಿನಲ್ಲಿ ಹೊಲಿಯದೆ ಉಳಿದ ಜೀನ್ಸ್ ಕಾಲುಗಳ ಕಟ್ಟು,
ಒಂದು ಕಾಲಿಗೆ ಇನ್ನೊಂದರ ಪರಿಚಯವಿಲ್ಲ.
ಅದರ ಮೇಲೆ ನನ್ನ ಕ್ಯಾಮೆರಾ,
ಮದುವೆ ಉಂಡು ಉಂಡು ನಾಲಗೆ ಸತ್ತದ್ದು.

ಹದಿನೇಳು ವರ್ಷ ನಾನು ತೆಗೆದದ್ದು ಮುಖ.
ಗದ್ದ ಸ್ವಲ್ಪ ಇಳಿಸಿ. ಕಿವಿ ಎರಡೂ ಕಾಣಲಿ.
ನಗಬೇಡಿ, ಆಫೀಸಿನವರು ಒಪ್ಪಲ್ಲ.
ಈ ಒಂದು ಭಾನುವಾರವಾದರೂ
ಕಿವಿ ಇಲ್ಲದ, ಕಣ್ಣು ಪಿಳುಕಿಸದ,
ಕಾಪಿ ಎಷ್ಟು ಅಂತ ಕೇಳದ ಯಾರನ್ನಾದರೂ ತೆಗೆಯೋಣ ಅಂದೆ.

ಬಂಡೆಗಳು ಕಾಯುತ್ತಿದ್ದವು
(ಬರೆಯಲು ಚೆಂದ, ಆದರೆ ಕಾಯುತ್ತಿರಲಿಲ್ಲ.)
ಗುಂಡಿನ ಮೇಲೆ ಗುಂಡು, ಅದರ ಮೇಲೊಂದು,
ಯಾರೋ ಅಂಗಡಿ ಮುಚ್ಚುವ ಆತುರದಲ್ಲಿ
ತೂಕದ ಕಲ್ಲು ಹಾಗೇ ಬಿಟ್ಟು ಎದ್ದು ಹೋದಂತೆ.
ವಲಿ ಸ್ಟೇರಿಂಗ್ ಮೇಲಿಂದಲೇ ಹೆಸರಿಡುತ್ತ ಹೋದ:
ಇದು ಮುದ್ದೆ. ಅದು ಕೂತ ಕಪ್ಪೆ.
ಅದೋ, ನಮ್ಮ ಗಾರ್ಮೆಂಟ್ಸ್ ಮೇಸ್ತ್ರಿ, ಊಟ ಆದಮೇಲೆ.
ನಾನು ನಗಲಿಲ್ಲ. ಬೆಳಕು ಅಳೆಯುತ್ತಿದ್ದೆ.

ದೂರದ ಬೆಟ್ಟ ನುಣ್ಣಗೆ ಅಂದವನ ಹತ್ತಿರ
ಉದ್ದನೆಯ ಲೆನ್ಸ್ ಇದ್ದಿರಲಾರದು.
ತಿರುಗಿಸಿದೆ, ಬೆಟ್ಟ ಎದ್ದು ಬಂತು:
ಮೈತುಂಬ ಸಿಡುಬಿನ ಕಲೆ, ಸೀಳು,
ಸೀಳಿನೊಳಗೆ ಹಲ್ಲಿಯ ಸಂಸಾರ,
ಸುಣ್ಣದಲ್ಲಿ ತೆಲುಗಿನಲ್ಲಿ ಒಬ್ಬ ಹುಡುಗಿಯ ಹೆಸರು,
ಪಕ್ಕದಲ್ಲೇ ಕನ್ನಡದಲ್ಲಿ ಅದೇ ಹೆಸರು,
ಬರೆದ ಕೈ ಬೇರೆ.

ಬೊಮ್ಮನಹಾಳ್ ದಾಟಿದ ಮೇಲೆ ಮರಳು.
ಹಗರಿ ಯಾವಾಗಲೋ ಒಣಗಲು ಹಾಕಿ
ತೆಗೆಯುವುದನ್ನು ಮರೆತ ಮರಳು.
ಹೊಲ ಇದ್ದ ಕಡೆ ಪಂಪಿನ ಪೈಪಿನ ಮೂತಿ ಮಾತ್ರ,
ಉಸಿರಿಗೆ ತಲೆ ಎತ್ತಿದ ಹಾಗೆ.
ನಡುವೆ ಒಂದೇ ಒಂದು ಗುಂಡು.
ಬ್ಯಾಟರಿ ಒಂದು ಕಡ್ಡಿಗೆ ಇಳಿದಿತ್ತು.
ನೆರಳು ಉದ್ದವಾಗಲಿ ಎಂದು
ಐದರವರೆಗೆ ಒಂದೂ ತೆಗೆಯದೆ ಕೂತೆ.

ಐದಕ್ಕೆ ಆ ನೆರಳಿನಲ್ಲಿ ಓಬಕ್ಕ, ಮೂವತ್ತು ಕುರಿ.

ಅಕ್ಕಾ, ಒಂಚೂರು ಸರೀತೀಯಾ?
ಎಲ್ಲಿಗೆ? ನೆರಳಿರೋದೇ ಇಷ್ಟು.
ಕಲ್ಲಿನ ಫೋಟೋ ಬೇಕಿತ್ತು.
ಅವಳು ಗುಂಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.
ಯಾಕೆ, ಇದಕ್ಕೂ ಪಿಂಚಣಿ ಬರ್ತೈತೇನು?

ಎಲೆಯಡಿಕೆ ಚೀಲದಿಂದ ಅರ್ಜಿ ತೆಗೆದಳು,
ನಾಲ್ಕಾಗಿ ಮಡಚಿದ್ದು, ಸುಣ್ಣ ಮೆತ್ತಿದ್ದು.
ಮೂಲೆಯಲ್ಲಿ ಖಾಲಿ ಚೌಕ.
ಈ ಮನೆ ತುಂಬಿಲ್ಲ ಅಂತ ಮೂರು ಸಲ ಕಳಿಸವ್ರೆ.
ಹಿಂದೆ ಬಿಳಿ ಇರಬೇಕಂತೆ.
ನಾ ಎಲ್ಲಿಂದ ತರ್ಲಪ್ಪ ಬಿಳಿ?

ವಲಿ ಮಾತಾಡದೆ ಹೋಗಿ ಓಮ್ನಿ ತಿರುಗಿಸಿದ.
ಬಾಗಿಲು ಒರೆಸಿದ, ಒಂದು ಜೀನ್ಸ್ ಕಾಲಿನಿಂದ.
ಅವಳು ಬೆನ್ನು ಆನಿಸಿದಳು, ಚುರ್ ಅಂತು, ಜಿಗಿದಳು,
ಕುರಿಗಳೂ ಜಿಗಿದವು.
ಮತ್ತೆ ನಿಲ್ಲಿಸಿ ಫೋಕಸ್ ಮಾಡುವಷ್ಟರಲ್ಲಿ
ಗುಂಡಿನ ನೆರಳು ತೆವಳಿ ಬಂದು ಬಾಗಿಲ ಮೇಲೆ ಕೂತಿತು.
ಗಾಡಿ ಹಿಂದಕ್ಕೆ. ಅದೂ ಹಿಂದೆಯೇ ಬಂತು.
ಇನ್ನಷ್ಟು ಹಿಂದಕ್ಕೆ, ಚಕ್ರ ಮರಳಿನಲ್ಲಿ ಹೂತಿತು.
ಬೆಳಿಗ್ಗೆಯಿಂದ ನಾನು ಬೆನ್ನು ಹತ್ತಿದ್ದೆ,
ಈಗ ಅದು.

ಗದ್ದ ಇಳಿಸು ಅನ್ನುವುದನ್ನು ಮರೆತೆ.
ಒತ್ತಿದೆ. ಕ್ಯಾಮೆರಾ ಕಣ್ಣು ಮುಚ್ಚಿತು,
ತೆರೆಯಲಿಲ್ಲ.

ರಾತ್ರಿ ಸ್ಟುಡಿಯೋದಲ್ಲಿ ಎಂಟು ಕಾಪಿ ಹಾಕಿದೆ,
ಕತ್ತರಿ ಹಿಡಿದು ಒಂದೊಂದೇ ಬಿಡಿಸಿದೆ.
ಓಬಕ್ಕನ ಎಡಗಿವಿಯ ಪಕ್ಕ, ಬಿಳಿಯ ಮೇಲೆ,
ಕಪ್ಪಗೆ ಒಂದು ಬಾಗು.
ಆ ಗುಂಡಿನದು ನನ್ನ ಬಳಿ ಇರುವುದು ಅಷ್ಟೇ.
ಅಳಿಸುವುದು ಒಂದು ನಿಮಿಷದ ಕೆಲಸ.

ಮರುದಿನ ಕವರಿನಲ್ಲಿ ಹಾಕಿ ವಲಿಯ ಕೈಗೆ ಕೊಟ್ಟೆ.
ಆಫೀಸಿನವರು ಏನಿದು ಅಂತ ಕೇಳಿದರೆ
ಕೂದಲು ಅನ್ನಬೇಕಂತೆ ಅಂತ ಹೇಳು.