ಮೂರನೆಯ ಚರಣ

ಗುಳೇದಗುಡ್ಡದಲ್ಲಿ ಡಿಸೆಂಬರಿನ ಥಂಡಿ
ಆಕಾಶದಿಂದ ಇಳಿಯುವುದಿಲ್ಲ, ಹಾಸುಗಲ್ಲಿನಿಂದ ಏರುತ್ತದೆ.
ನಾವು ಹನ್ನೊಂದು ಮಂದಿ, ಒಂದು ಪೇಟಿ, ಒಂದು ದಮ್ಮಡಿ,
ಕೋಲಿಗೆ ಕಟ್ಟಿದ ಕಾಗದದ ಚುಕ್ಕಿ,
ಅದರೊಳಗೆ ಮೊಬೈಲಿನ ಬೆಳಕು.

ಮಿಶನ್ ಓಣಿ ಮುಗಿದ ಮೇಲೆ
ವಾಡಿಕೆಯಂತೆ ನೇಕಾರರ ಓಣಿ.
ಯಾರು ಹಾಕಿದ ವಾಡಿಕೆ ಅಂದರೆ
"ಮೊದಲಿಂದ ಐತಿ" ಅನ್ನುತ್ತಾರೆ
ಎರಡೂ ಓಣಿಯವರು.

ಅಮಾಸಿಗೂ ನಿಲ್ಲದ ಗುರಸಿದ್ದವ್ವನ ಮಗ್ಗ
ನಮ್ಮ ಪೇಟಿಗೆ ನಿಲ್ಲುತ್ತದೆ.
ಕುಣಿಯೊಳಗೆ ಕಾಲು ಇಳಿಬಿಟ್ಟೇ ಕೇಳಿದಳು.
ಎರಡು ಚರಣ ಹಾಡಿ ಚೀಲ ಹೆಗಲಿಗೇರಿಸಿದೆವು.
"ಮೂರನೇದು?" ಅಂದಳು.

ಮೂರನೆಯದು ಕರುಣಾಕರ ಮಾಸ್ತರರ ಗಂಟಲಲ್ಲಿತ್ತು.
ಶ್ರಾವಣದಲ್ಲಿ ಹೋದರು. ಪುಸ್ತಕದ ಆ ಹಾಳೆ
ಅದಕ್ಕೂ ಮೊದಲೇ ಗೆದ್ದಲಿಗೆ ಹೋಗಿತ್ತು.
ಪೇಟಿಯ ಸುಮಂತ ತಲೆ ಕೆರೆದುಕೊಂಡ.

ಲಾಳಿ ಕೈಯಲ್ಲಿ ಹಾಗೇ ಹಿಡಿದು
ಆಕೆಯೇ ಹಾಡಿದಳು. ಮಾಸ್ತರರು ಉಸಿರೆಳೆಯುತ್ತಿದ್ದಲ್ಲೇ ಉಸಿರೆಳೆದು,
ಅವರು ಕೆಮ್ಮುತ್ತಿದ್ದಲ್ಲಿ ಒಂದು ಗಳಿಗೆ ತಡೆದು.
ಬೇತ್ಲೆಹೇಮ್ ಬರಬೇಕಾದಲ್ಲಿ ಬೆಟಗೇರಿ ಅಂದಳು.
ಆಕೆಯ ತವರು ಅದು, ಅಲ್ಲೂ ಮಗ್ಗ.

ಯಾರೂ ತಿದ್ದಲಿಲ್ಲ.
ಸಣ್ಣವಳು ಎಸ್ತೇರ್ ಅಂಗೈ ಮೇಲೆ ಬರೆದುಕೊಂಡಳು,
ಜಾಗ ಸಾಲದೆ ಮಣಿಕಟ್ಟಿನವರೆಗೂ,
ಬೆಟಗೇರಿ ಸಮೇತ.

ಹೊರಡುವಾಗ ಶೇಂಗಾದ ಉಂಡಿ ಕೊಟ್ಟಳು, ಹನ್ನೆರಡು.
ತಪ್ಪಿ ಎಣಿಸುವವಳಲ್ಲ,
ಖಣದ ಎಳೆ ಎಣಿಸುವ ಕೈ ಅದು.
ಅಗಸಿ ದಾಟುವ ತನಕ
ಆ ಒಂದನ್ನು ಯಾರೂ ಮುಟ್ಟಲಿಲ್ಲ.
ಆಮೇಲೆ ಹಸಿವಾಗಿ
ಎಸ್ತೇರ್ ತಿಂದಳು.