ನೀಲಿ ತಿನ್ನುವವು

ಮುಂಡರಗಿಯ ವಾಷಿಂಗ್ ಘಟಕದ ಹಿಂದೆ
ಜೀನ್ಸಿನ ಬಣ್ಣ ಉಟ್ಟ ಚರಂಡಿ.
ಎಮ್ಮೆಯೂ ಮೂಸಿ ಹಿಂದಿರುಗುತ್ತದೆ.

ಲ್ಯಾಬಿನ ಹುಡುಗಿ ಸುಂಕಮ್ಮ
ಐಸ್ ಡಬ್ಬಿಯಲ್ಲಿ ಜೀವಾಣು ತಂದಳು:
“ಇವುಗಳ ಹುಟ್ಟುಗುಣಾನೇ ತಿದ್ದೀವಿ, ಮಾಬುನ್ನಕ್ಕ,
ಇನ್ನು ನೀಲೀನೇ ಇವಕ್ಕ ಊಟ.”

ಹುಟ್ಟುಗುಣ ಸುಟ್ಟರೂ ಹೋಗದೆಂದು
ನಮ್ಮವ್ವ ಹೇಳುತ್ತಿದ್ದಳು.
ಸುಡಲಿಲ್ಲ ಇವರು, ತಿದ್ದಿದರು.

ಕಣ್ಣಿಗೆ ಕಾಣದವಕ್ಕೆ
ಮುಚ್ಚಿದ ತೊಟ್ಟಿ, ಬೀಗ, ಹೊತ್ತುಹೊತ್ತಿಗೆ ಗಾಳಿ, ರಿಜಿಸ್ಟರು;
ನಾವು ಬುತ್ತಿ ಬಿಚ್ಚುವುದು
ಬಾಯ್ಲರಿನ ಬಗಲಲ್ಲಿ.

ಒಂಬತ್ತನೇ ದಿನ ತೊಟ್ಟಿಯ ತಳದಲ್ಲಿ
ಕಿತ್ತುಬಿದ್ದ ಪ್ಯಾಂಟಿನ ಗುಂಡಿಯೊಂದು
ಹಾಗೇ ಕಂಡಿತು, ತಾಮ್ರದ್ದು.
ಬ್ಯಾಡ ಬ್ಯಾಡ ಅಂದರೂ ಕೈಯಿಳಿಸಿ ಎತ್ತಿದೆ.

ತಿಳಿನೀರಿನೊಳಗೆ
ಹನ್ನೊಂದು ವರ್ಷ ಜೀನ್ಸ್ ತೊಳೆದ ಉಗುರು
ಇನ್ನೂ ನೀಲಿ.

“ಇದಕ್ಕೂ ಹಸದಾವೇನು?” ಅಂದೆ.
ಸುಂಕಮ್ಮ ಬೆರಳು ಹಿಡಿದು ನಿಂತಳು.
ರಿಜಿಸ್ಟರಿನಲ್ಲಿ ಆ ಹೊತ್ತಿನ ಸಾಲು
ಖಾಲಿ ಉಳಿದಿದೆ.